ಜೋಕಟ್ಟೆಯ ಕ್ರಾಸಿಂಗ್

2023ರ ನವೆಂಬರ್ 6, ಸೋಮವಾರ, ಬೆಳಿಗ್ಗೆ 8 ಗಂಟೆ 14 ನಿಮಿಷ. ಸುರತ್ಕಲ್‌ನಿಂದ ಮಂಗಳೂರು ಸೆಂಟ್ರಲ್‌ಗೆ ಹೋಗುವ ನಮ್ಮ ಲೋಕಲ್ ರೈಲು ಜೋಕಟ್ಟೆಯಲ್ಲಿ ನಿಂತಿತು. ನಾನು ಹೊಸ ನೋಟ್‌ಬುಕ್ ತೆರೆದು ಆ ಹೊತ್ತನ್ನು ಬರೆದುಕೊಂಡೆ. ಹೊರಟಾಗ 8 ಗಂಟೆ 23. ಪಕ್ಕದ ಅಂಕಣದಲ್ಲಿ 'ನಷ್ಟ, 9 ನಿಮಿಷ' ಎಂದು ಬರೆದೆ.

ಈ ರೈಲು ಇರುವುದು ಕೆಲಸಕ್ಕೆ ಹೋಗಿ ಬರುವವರಿಗಾಗಿ. ಬೆಳಿಗ್ಗೆ ಸುರತ್ಕಲ್‌ನಿಂದ ಪೇಟೆಗೆ ಒಂದು, ಅದೇ ಹೊತ್ತಿಗೆ ಪೇಟೆಯಿಂದ ಸುರತ್ಕಲ್‌ಗೆ ಇನ್ನೊಂದು. ಸಂಜೆಯೂ ಅಷ್ಟೆ. ಭಾನುವಾರ ಇಲ್ಲ. ಬೆಳಗಿನದು ತಪ್ಪಿದರೆ ಹೆದ್ದಾರಿಯ ಬಸ್ಸು ಹತ್ತಬೇಕು, ಕೂಳೂರು ಸೇತುವೆಯ ಮೇಲೆ ಲಾರಿಗಳ ಹಿಂದೆ ನಿಲ್ಲಬೇಕು, ಕೊಟ್ಟಾರದಲ್ಲಿ ಮತ್ತೊಮ್ಮೆ ನಿಲ್ಲಬೇಕು. ನಾನು ಪೇಟೆಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕುಡಿಯುವ ನೀರಿನ ಪರೀಕ್ಷೆ ಮಾಡುವವಳು. ಒಂಬತ್ತು ಗಂಟೆಗೆ ಹಾಜರಿ ಯಂತ್ರದಲ್ಲಿ ಬೆರಳೊತ್ತಬೇಕು. ಜೋಕಟ್ಟೆಯ ಆ ಒಂಬತ್ತು ನಿಮಿಷದಿಂದಾಗಿ ವಾರದಲ್ಲಿ ಮೂರು ದಿನವಾದರೂ ನನಗೆ ತಡವಾಗುತ್ತಿತ್ತು.

ಅಲ್ಲಿ ನಿಲ್ಲಿಸುವುದಕ್ಕೆ ಕಾರಣ ಕ್ರಾಸಿಂಗ್. ಹಿಂದೆ ಒಂದೇ ಹಳಿ ಇದ್ದಾಗ ಎದುರಿನ ರೈಲು ಬಂದು ಪಕ್ಕದ ಹಳಿಯಲ್ಲಿ ನಿಂತ ಮೇಲಷ್ಟೇ ನಮ್ಮದು ಹೊರಡಬಹುದಿತ್ತು. ಈಗ ಜೋಕಟ್ಟೆಯಿಂದಾಚೆ ಎರಡನೇ ಹಳಿ ಬಂದಿದೆ. ಕಾಯುವ ಅಗತ್ಯವೇ ಇಲ್ಲ. ಆದರೆ ವೇಳಾಪಟ್ಟಿ ಹಳೆಯದೇ ಉಳಿದಿತ್ತು.

ನಮ್ಮದು ಮೂರನೇ ಬೋಗಿ. ವಿಮಾ ಕಚೇರಿಯ ಆಂಡ್ರಿಯಾ, ಮೊಬೈಲ್ ರಿಪೇರಿ ಅಂಗಡಿಯ ಮುಝಮ್ಮಿಲ್, ನಾನು, ಮತ್ತೆ ನೋಣಯ್ಯಣ್ಣ. ಅವರಿಗೆ ಅರವತ್ತೊಂದು ವರ್ಷ. ಬೈಕಂಪಾಡಿಯ ಒಂದು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹಂಪನಕಟ್ಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಎಲ್ಲರೂ ಪಡುವಣ ಬದಿಯ ನೆರಳಿನ ಸೀಟಿಗೆ ಕರವಸ್ತ್ರ ಎಸೆದರೆ ಅವರು ಮಾತ್ರ ಮೂಡಣ ಬದಿಯ ಕಿಟಕಿಗೆ ಹೋಗಿ ಕೂರುತ್ತಿದ್ದರು. ಬೆಳಗಿನ ಬಿಸಿಲು ನೇರ ಮುಖಕ್ಕೇ ಹೊಡೆಯುವ ಜಾಗ ಅದು.

"ನೋಣಯ್ಯಣ್ಣ, ನೀವೆಂತ ಹಪ್ಪಳವಾ, ದಿನಾ ಒಣಗ್ಲಿಕ್ಕೆ?" ಎಂದು ಮುಝಮ್ಮಿಲ್ ಕೇಳುತ್ತಿದ್ದ.

"ಹಳೇ ಸಾಮಾನು ಮಾರಾಯ. ಬಿಸಿಲಿಗೆ ಹಾಕದಿದ್ರೆ ಹುಳ ಹಿಡೀತದೆ."

"ಮೂಳೆಗೆ ಒಳ್ಳೇದು. ವಿಟಮಿನ್ ಡಿ," ಎಂದೆ ನಾನು ಒಮ್ಮೆ.

"ಹಾಂ, ಮೇಡಂ ಹೇಳಿದ್ದೇ ಸರಿ," ಎಂದು ಅವರು ಮುಖ ತಿರುಗಿಸಿ ಹೊರಗೆ ನೋಡಿದರು. ನಾನೂ ಹಾಗೆಯೇ ಎಂದುಕೊಂಡೆ.

ಅರವತ್ತು ದಿನ ಲೆಕ್ಕ ಬರೆದೆ. ಸರಾಸರಿ ನಿಲುಗಡೆ 9 ನಿಮಿಷ 10 ಸೆಕೆಂಡು. ಎದುರಿನ ರೈಲು ನಮ್ಮ ಪಕ್ಕದಲ್ಲಿ ಎಷ್ಟು ಹೊತ್ತು ನಿಂತಿರುತ್ತದೆ ಎಂಬುದನ್ನು ಬರೆದಿರಲಿಲ್ಲ. ಅದು ನನ್ನ ಪ್ರಶ್ನೆಯಾಗಿರಲಿಲ್ಲ.

ಜನವರಿಯ ಕೊನೆಗೆ ಮನವಿ ಸಿದ್ಧವಾಯಿತು. ಒಂದು ಪುಟದ ಪತ್ರ, ಹಿಂದೆ ನಾಲ್ಕು ಪುಟದ ಕೋಷ್ಟಕ, ಅದರ ಹಿಂದೆ ಸಹಿ ಹಾಳೆ. ಮುಝಮ್ಮಿಲ್ ಅದನ್ನು ರಟ್ಟಿಗೆ ಸಿಕ್ಕಿಸಿ ಬೋಗಿಯಿಂದ ಬೋಗಿಗೆ ಕೊಂಡುಹೋದ. ನೋಣಯ್ಯಣ್ಣನ ಬಳಿ ಬಂದಾಗ ರೈಲು ಜೋಕಟ್ಟೆಯಲ್ಲೇ ನಿಂತಿತ್ತು. ಅವರು ಪೆನ್ನು ಹಿಡಿದುಕೊಂಡು ಕಿಟಕಿಯಾಚೆಯ ಖಾಲಿ ಹಳಿ ನೋಡಿದರು.

"ಇಲ್ಲಿ ನಿಲ್ಲದಿದ್ರೆ ನಮಗೆ ಎಂತ ಸಿಗ್ತದೆ ಮೇಡಂ?"

"ದಿನಕ್ಕೆ ಒಂಬತ್ತು ನಿಮಿಷ."

"ಒಂಬತ್ತು," ಎಂದರು. ಹಾಳೆಯ ಮೇಲೆ ಆಗಲೇ ಇನ್ನೂರಕ್ಕೂ ಹೆಚ್ಚು ಸಹಿ ಇತ್ತು.

"ಹಾಕಿ ಅಣ್ಣ, ಆಸ್ತಿ ಬರೆದುಕೊಡುದಲ್ಲ ಇದು," ಎಂದ ಮುಝಮ್ಮಿಲ್. ಎಲ್ಲರೂ ನಕ್ಕರು. ನೋಣಯ್ಯಣ್ಣನೂ ನಕ್ಕು, ನಿಧಾನವಾಗಿ, ಶಾಲೆಯ ಅಕ್ಷರದಲ್ಲಿ ಹೆಸರು ಬರೆದರು. ಅಷ್ಟರಲ್ಲಿ ಎದುರಿನ ರೈಲು ಬಂದು ನಿಂತಿತು. ಅವರು ರಟ್ಟನ್ನು ಮರಳಿಸಿ ಕಿಟಕಿಯ ಕಡೆ ತಿರುಗಿದರು.

ಮಾರ್ಚಿನ ಕೊನೆಯ ವಾರ ಉತ್ತರ ಬಂತು. ಪ್ರಯಾಣಿಕರು ಸಲ್ಲಿಸಿದ ವಿವರವಾದ ದಾಖಲೆಯನ್ನು ಪರಿಶೀಲಿಸಿ ಏಪ್ರಿಲ್ 1ರಿಂದ ವೇಳಾಪಟ್ಟಿ ಬದಲಿಸಲಾಗಿದೆ ಎಂದು ಅದರಲ್ಲಿತ್ತು. ಆ ಸಾಲನ್ನು ನಾನು ಮೂರು ಸಲ ಓದಿದೆ. ಸುಳ್ಳು ಹೇಳಬಾರದು, ಹೆಮ್ಮೆಪಟ್ಟೆ.

ಏಪ್ರಿಲ್ 1, ಸೋಮವಾರ. ಮುಝಮ್ಮಿಲ್ ಒಂದು ಪೆಟ್ಟಿಗೆ ಲಡ್ಡು ತಂದಿದ್ದ. "ನನ್ನದು ಉಪವಾಸ, ನೀವು ತಿನ್ನಿ. ವಾಸನೆ ನೋಡ್ಲಿಕ್ಕೂ ನನಗೆ ಇಲ್ಲ," ಎಂದು ಹಂಚುತ್ತಾ ಬಂದ. ಜೋಕಟ್ಟೆಯ ಫಲಕ ಕಿಟಕಿಯಲ್ಲಿ ಸರಿದುಹೋಯಿತು. ಬೋಗಿಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಸ್ವಲ್ಪ ಮುಂದೆ, ಎರಡೂ ಹಳಿ ಅಕ್ಕಪಕ್ಕ ಓಡುವಲ್ಲಿ, ಎದುರಿನ ರೈಲು ಸದ್ದು ಮಾಡುತ್ತಾ ಬಂದು ಹೋಯಿತು. ನೋಣಯ್ಯಣ್ಣ ಅರ್ಧ ಎದ್ದು ನಿಂತಿದ್ದರು. ಕಿಟಕಿಯ ಸರಳಿಗೆ ಹಣೆ ಒತ್ತಿ, ಹೋದ ರೈಲಿನ ಬಾಲದ ಕಡೆ ನೋಡುತ್ತಿದ್ದರು. ಅವರ ಕೈಯಲ್ಲಿದ್ದ ಲಡ್ಡು ಹುಡಿಯಾಗಿ ಅಂಗಿಯ ಮೇಲೆ ಬಿದ್ದಿತ್ತು.

ಅಂದು ಸೆಂಟ್ರಲ್‌ನಲ್ಲಿ ಇಳಿದ ಮೇಲೆ ಆಂಡ್ರಿಯಾ ನನ್ನ ತೋಳು ಹಿಡಿದಳು. "ಶಶಿ, ನಿನಗೆ ಗೊತ್ತಿಲ್ವಾ? ಆ ರೈಲಲ್ಲಿ ಅವರ ಮಗಳು ಬರುದು."

ಆಂಡ್ರಿಯಾಳ ಮನೆ ಅವರ ಮನೆಯ ಪಕ್ಕದಲ್ಲೇ. ಮಗಳ ಹೆಸರು ಅಶ್ಮಿತಾ. ಮದುವೆಯಾಗಿ ಪೇಟೆಯ ಬೋಳಾರದಲ್ಲಿದ್ದಾಳೆ, ಗಂಡ ಜಿತೇಶ್ ದಮ್ಮಾಮ್‌ನಲ್ಲಿ. ಸುರತ್ಕಲ್‌ನ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಕೆಲಸ. ದಿನವೂ ತಂದೆಯ ಊರಿಗೇ ಬಂದು ಹೋಗುತ್ತಾಳೆ, ಮನೆಗೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಅಮ್ಮ ದೇಯಿಯ ಹೃದಯದ ಕವಾಟ ಹಾಳಾಗಿತ್ತು. ವರದಿಗಳನ್ನು ಓದಬಲ್ಲವಳು ಅಶ್ಮಿತಾ ಒಬ್ಬಳೇ. ಆಪರೇಷನ್ ಮಾಡಿಸಲೇಬೇಕು ಎಂದವಳೂ ಅವಳೇ. ದೇಯಿ ಮೂರನೇ ದಿನ ತೀರಿಕೊಂಡರು. ಹದಿಮೂರನೆಯ ದಿನದ ಉತ್ತರಕ್ರಿಯೆಯಲ್ಲಿ, ಬೊಜ್ಜದಲ್ಲಿ, ಎಲೆ ಹಾಕಿ ಜನ ಊಟಕ್ಕೆ ಕೂತಿರುವಾಗ, ನೋಣಯ್ಯಣ್ಣ ಎಲ್ಲರೆದುರು ಮಗಳಿಗೆ, "ನಿನ್ನ ಓದೇ ನಿನ್ನ ಅಮ್ಮನನ್ನು ಕೊಂದದ್ದು," ಎಂದರು. ಅವಳು ಎಲೆ ಮಡಚಿ ಎದ್ದು ಹೋದಳು. ಆಮೇಲೆ ಇಬ್ಬರಲ್ಲಿ ಮಾತಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ಆಂಡ್ರಿಯಾ?"

"ನಾನೂ ಸಹಿ ಹಾಕಿದವಳಲ್ವಾ ಮಾರಾಯ್ತಿ. ಅವರು ದಿನಾ ನೋಡ್ತಾ ಇದ್ದದ್ದು ಅವಳನ್ನೇ ಅಂತ ನನಗೂ ಇಂದು ಅವರು ಎದ್ದು ನಿಂತಾಗಲೇ ಗೊತ್ತಾದದ್ದು."

ಮರುದಿನ ನಾನು ನೋಣಯ್ಯಣ್ಣನ ಎದುರಿನ ಬಿಸಿಲಿನ ಸೀಟಿನಲ್ಲಿ ಕೂತೆ. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡಿದ್ದೆ. ಅದನ್ನು ಹೇಳಲು ಅವರು ಬಿಡಲಿಲ್ಲ.

"ನೀವೆಂತ ಮಾಡಿದ್ದು? ಇಡೀ ರೈಲು ಒಂಬತ್ತು ನಿಮಿಷಕ್ಕೆ ಕಾಯ್ತಾ ಇತ್ತು. ನನಗೊಬ್ಬನಿಗೆ ನಿಲ್ಲಿಸಿ ಅಂತ ಹೇಗೆ ಹೇಳುದು?"

ಆಮೇಲೆ ಅವರೇ ಬಿಟ್ಟು ಬಿಟ್ಟು ಹೇಳಿದರು. ಅಂಗಡಿಗೆ ಸೇರಿದ ಮೊದಲ ದಿನ ಜೋಕಟ್ಟೆಯಲ್ಲಿ ತಲೆ ಎತ್ತಿದರೆ ಎದುರಿನ ಕಿಟಕಿಯಲ್ಲಿ ಅವಳಿದ್ದಳು. "ಮರುದಿನ ಅವಳು ಬೇರೆ ಬೋಗಿ ಹತ್ತಬಹುದಿತ್ತಲ್ಲ? ಹತ್ತಲಿಲ್ಲ. ಅದೇ ಕಿಟಕಿ. ನಾಲ್ಕು ತಿಂಗಳು ಮೊಬೈಲೇ ನೋಡ್ತಾ ಇದ್ದಳು, ತಲೆ ಎತ್ತಲಿಲ್ಲ. ಆದರೆ ಕಿಟಕಿ ಬಿಡಲಿಲ್ಲ. ಆಮೇಲೆ ನೋಡ್ಲಿಕ್ಕೆ ಶುರು ಮಾಡಿದಳು. ಡಿಸೆಂಬರಿನಲ್ಲಿ ಕನ್ನಡಕ ಬಂತು ಅವಳಿಗೆ. ಅವಳ ಅಮ್ಮನಿಗೂ ಮೂವತ್ತೆರಡಕ್ಕೇ ಬಂದದ್ದು."

"ಮಾತಾಡಬಹುದಿತ್ತಲ್ಲ ಅಣ್ಣ. ಎರಡು ಕಿಟಕಿಯ ಮಧ್ಯೆ ಹೆಚ್ಚು ದೂರ ಇಲ್ಲ."

"ಮಾರ್ಚಿನಲ್ಲಿ ಒಂದು ದಿನ ಅವಳು ಸರಳಿನ ಮೇಲೆ ಕೈ ಇಟ್ಟಳು. ನಾಳೆ ನಾನೇ ಹೇಳುದು ಅಂತ ಮಾಡಿದೆ. ಹೆಚ್ಚೆಂತ ಇಲ್ಲ, 'ಊಟ ಆಯ್ತಾ ಅಶ್ಮಿ' ಅಂತ. ಮರುದಿನ ಬಾಯಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೇಗೂ ದಿನಾ ಉಂಟಲ್ಲ ಅಂತ."

ಆಂಡ್ರಿಯಾಳ ಹತ್ತಿರ ಅಶ್ಮಿತಾಳ ನಂಬರ್ ಇತ್ತು. ಫೋನ್ ಮಾಡಿ ಕೊಡುತ್ತೇನೆ ಎಂದಳು. ನೋಣಯ್ಯಣ್ಣ ಬೇಡವೆಂದು ಕೈಯಾಡಿಸಿದರು. "ಫೋನಲ್ಲಿ ಮುಖ ಇಲ್ಲ, ಬಾಯಿ ಮಾತ್ರ. ನನ್ನ ಬಾಯಿಂದಲೇ ಇಷ್ಟೆಲ್ಲ ಆದದ್ದು."

ಆದರೂ ಆಂಡ್ರಿಯಾ ಅಶ್ಮಿತಾಳಿಗೆ ಒಂದು ಸಂದೇಶ ಕಳಿಸಿದಳು: ಅಪ್ಪ ಈಗಲೂ ಅದೇ ಸೀಟಿನಲ್ಲಿ ಕೂರುತ್ತಾರೆ ಎಂದು. ಓದಿದ ಗುರುತಾಗಿ ಎರಡು ನೀಲಿ ಗೆರೆ ಬಿದ್ದವು. ಉತ್ತರ ಬರಲಿಲ್ಲ. ನಾನು ರೈಲ್ವೆಗೆ ಎರಡನೇ ಪತ್ರ ಬರೆದೆ. ಜೋಕಟ್ಟೆಯಲ್ಲಿ ಎರಡೂ ರೈಲುಗಳಿಗೆ ನಾಲ್ಕೇ ನಾಲ್ಕು ನಿಮಿಷದ ನಿಲುಗಡೆ ಮರಳಿ ಕೊಡಿ ಎಂದು ಕೇಳಿದೆ. ಕಾರಣದ ಜಾಗದಲ್ಲಿ 'ಪ್ರಯಾಣಿಕರ ಅನುಕೂಲಕ್ಕಾಗಿ' ಎಂದು ಬರೆದೆ. ಅದಕ್ಕೆ ಕೋಷ್ಟಕ ಇರಲಿಲ್ಲ. ಈ ಸಲ ಸಹಿ ಹಾಕಿದವರು ಮೂವರು: ನಾನು, ಆಂಡ್ರಿಯಾ, ಮುಝಮ್ಮಿಲ್. ನಿಲುಗಡೆಗೆ ಸೂಕ್ತ ಕಾರಣ ಕಂಡುಬಂದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಮೇ ತಿಂಗಳಿಗೆ ನನಗೆ ಪ್ರಯೋಗಾಲಯದಲ್ಲಿ ಒಂದು ದಿನವೂ ತಡವಾಗುತ್ತಿರಲಿಲ್ಲ. ಕೆಲವೊಮ್ಮೆ ಹತ್ತು ನಿಮಿಷ ಮೊದಲೇ ತಲುಪಿ, ಬೀಗ ತೆಗೆಯುವವರಿಗಾಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ನೋಣಯ್ಯಣ್ಣ ಮೊದಲಿನಂತೆ ಬರುತ್ತಿದ್ದರು. ಮುಝಮ್ಮಿಲ್ ಹಪ್ಪಳದ ಮಾತು ತೆಗೆಯುತ್ತಿರಲಿಲ್ಲ. ಜೋಕಟ್ಟೆ ದಾಟಿದ ಕೂಡಲೇ ಅವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಎದುರಿನ ರೈಲು ಬಂದು ಹೋದ ಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗಾಳಿಗೆ ಧೂಳು ಬರುತ್ತದೆ ಎನ್ನುತ್ತಿದ್ದರು, ನಾವು ಯಾರೂ ಕೇಳದಿದ್ದರೂ.

"ಅವಳು ಈಗಲೂ ಈ ಬದಿಯ ಕಿಟಕಿಯಲ್ಲೇ ಇದ್ದಾಳೋ, ಇಲ್ಲ ಆಚೆ ಬದಿಗೆ ಹೋಗಿದ್ದಾಳೋ," ಎಂದರು ಒಂದು ದಿನ. "ಅದೊಂದು ಗೊತ್ತಾದರೆ ಸಾಕಿತ್ತು. ಮೊದಲ ಬೋಗಿ ಬಂತು ಅಂತ ಕಣ್ಣು ಹಾಕುವಾಗ ಕೊನೆಯದೇ ಹೋಗಿರ್ತದೆ." ನನ್ನ ಕಡೆ ತಿರುಗಿದರು. "ಮೇಡಂ, ನೀವು ಲೆಕ್ಕ ಬಲ್ಲವರು. ಒಟ್ಟು ಎಷ್ಟು ಹೊತ್ತು ಸಿಗ್ತದೆ ನನಗೆ? ಗೊತ್ತಿದ್ದರೆ ಅಷ್ಟು ಹೊತ್ತು ರೆಪ್ಪೆ ಮುಚ್ಚದೆ ನೋಡಬಹುದು."

ಹನ್ನೆರಡು ದಿನ ನಾನು ಅವರ ಹಿಂದೆಯೇ, ಅದೇ ಕಿಟಕಿಯ ಬಳಿ ನಿಂತೆ. ಎದುರಿನ ಎಂಜಿನ್ನಿನ ಮೂತಿ ಕಿಟಕಿಯ ಚೌಕಟ್ಟು ಮುಟ್ಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಕೊನೆಯ ಬೋಗಿಯ ಅಂಚು ಅದನ್ನು ಬಿಟ್ಟಾಗ ಮತ್ತೆ ಒತ್ತಿದೆ. ಒಂದು ಮುಖವೂ ನನಗೆ ಮುಖವಾಗಿ ಕಾಣಲಿಲ್ಲ. ಬಣ್ಣಗಳು ಎಳೆದುಕೊಂಡು ಹೋದಂತೆ ಕಾಣುತ್ತಿತ್ತು, ಅಷ್ಟೆ. ಎಂಟು ಬೋಗಿಯಲ್ಲಿ ಒಂದೇ ಒಂದು ಕಿಟಕಿಯ ಪಾಲಿಗೆ ಎಷ್ಟು ಬರುತ್ತದೆ ಎಂದು ಭಾಗಿಸುವುದು ನನಗೆ ಕಷ್ಟವಲ್ಲ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಕೇಳಿದ್ದಕ್ಕೆ ಉತ್ತರವನ್ನು ಹದಿಮೂರನೆಯ ದಿನ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಇಡೀ ರೈಲು ದಾಟಲು, ಹನ್ನೆರಡು ದಿನಗಳ ಸರಾಸರಿ, 5.8 ಸೆಕೆಂಡು.