ಅಡ್ವಾನ್ಸ್ ಕೇಳದ ಕಾರು

ನಮ್ಮ ಯಜಮಾನರ ಹೆಸರು ಚಿಕ್ಕಬೈರಪ್ಪ. ಆದರೆ ತಾವರೆಕೆರೆಯಲ್ಲಿ ಆ ಹೆಸರು ಹೇಳಿ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ, ಓನರ್ ಬೈರಪ್ಪ ಎನ್ನಬೇಕು. ಬಿಟಿಎಂ ಲೇಔಟ್ ಎಂಬ ಹೆಸರು ಹುಟ್ಟುವ ಮೊದಲು ಇವರಪ್ಪ ಇಲ್ಲಿ ದಂಟಿನ ಸೊಪ್ಪು, ಕೊತ್ತಂಬರಿ ಬೆಳೆಯುತ್ತಿದ್ದರು. ಲೇಔಟಿಗೆ ಹೊಲ ಹೋಯಿತು, ಮಿಕ್ಕ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿತು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಅವತ್ತಿನಿಂದ ಇವರಿಗೆ ಓನರ್‌ಗಿರಿ ಒಂದೇ ಉದ್ಯೋಗ. ಹತ್ತು ತಿಂಗಳ ಅಡ್ವಾನ್ಸ್ ಕೊಡದೆ ಬೀಗದ ಕೈ ಸಿಗುವುದಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆಂದು ಕಟ್. ಗೋಡೆ ಹಾಲಿನ ಹಾಗೆ ಬೆಳ್ಳಗಿದ್ದರೂ ಕಟ್. ಯಾಕೆ ಎಂದು ಯಾರಾದರೂ ಬಾಯಿ ಬಿಟ್ಟರೆ, ಅದು ಪದ್ಧತಿ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಇಂಥ ಮನುಷ್ಯನಿಗೆ ಹೋದ ವರ್ಷ ಕಣ್ಣು ಕೈಕೊಟ್ಟಿತು. ಗ್ಲಾಕೋಮಾ ಅಂತೆ. ಎದುರಿಗಿರುವುದು ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಎಂದರು. ಇವರು ಮನೆಗೆ ಬಂದವರೇ ಹಳೇ ಡೀಸೆಲ್ ಕಾರನ್ನು ಮಾರಿ, ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಭಾನುವಾರ ಬೆಳಗ್ಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ದೋಸೆ ತಿಂದು, ಆ ಮರಗಳ ಕೆಳಗೆ ಸುಮ್ಮನೆ ಒಂದು ಸುತ್ತು ಹಾಕಿ ಬರುವುದು ನಮ್ಮಿಬ್ಬರಿಗೆ ಇದ್ದ ಒಂದೇ ಚಟ. ಅದೂ ನಿಂತಿತು. ಆಸ್ಪತ್ರೆಗೆ ಬಿಟ್ಟರೆ ಆಟೋ ಹತ್ತುವುದಿಲ್ಲ, ಕ್ಯಾಬ್ ಹತ್ತುವುದಿಲ್ಲ. ಇನ್ನೊಬ್ಬರ ಗಾಡಿಯಲ್ಲಿ ಕೂತು ಏನು ಸುತ್ತುವುದು ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂತಲ್ಲೇ ಮನುಷ್ಯ ಸವೆಯುತ್ತಿದ್ದರು.

ನಾನು ಸುಮ್ಮನಿರುವವಳಲ್ಲ. ಐವತ್ತೆಂಟನೇ ವಯಸ್ಸಿಗೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಹೇಳಿಕೊಡುವವನು ನನಗೆ ಮಗನಾಗುವಷ್ಟು ಚಿಕ್ಕವನಿದ್ದ. ಮೇಡಂ, ಕ್ಲಚ್ಚು, ಮೇಡಂ, ಕ್ಲಚ್ಚು ಎಂದು ಅಂಗಲಾಚಿ ಅಂಗಲಾಚಿ ಗಂಟಲು ಕಟ್ಟಿಸಿಕೊಂಡ. ಲೈಸೆನ್ಸಂತೂ ಬಂತು. ಸ್ಟಿಯರಿಂಗ್ ನನ್ನ ಕೈಯಲ್ಲಿರಬೇಕು, ಪಕ್ಕದ ಸೀಟಿನಲ್ಲಿ ಇವರು ಕೂರಬೇಕು. ನನಗೆ ಬೇಕಾದದ್ದು ಇಷ್ಟೇ.

ಹೊಸ ಕಾರು ಕೊಳ್ಳೋಣವೆಂದರೆ, ಈ ವಯಸ್ಸಿನಲ್ಲಿ ಯಾಕೆ ಬೇಕು ಎಂದರು. ಎಲೆಕ್ಟ್ರಿಕ್ ಕಾರಿಗೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ ಎಂದರೆ, ಬ್ಯಾಟರಿ ಕೆಟ್ಟರೆ ನಿಮ್ಮಪ್ಪ ಬರುತ್ತಾನಾ ಎಂದರು. ಆಗ ನೆರವಿಗೆ ಬಂದವನು ಮೊದಲ ಮಹಡಿಯ ಚನ್ನವೀರ. ಬಾಗಲಕೋಟೆ ಕಡೆಯ ಹುಡುಗ. ಬೊಮ್ಮನಹಳ್ಳಿಯ ಹತ್ತಿರ ಯಾವುದೋ ಆಫೀಸಿನಲ್ಲಿ ಕೆಲಸ. ಅವನೂ ಹೆಂಡತಿ ರಾಜಶ್ರೀಯೂ ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿದೆ. ಕಾರನ್ನು ಕೊಳ್ಳಲೇಬೇಕಾಗಿಲ್ಲ, ಲೀಸಿಗೆ ತಗೊಳ್ಳಿ ಎಂದ. ತಿಂಗಳು ತಿಂಗಳು ಕಟ್ಟುವುದು, ಮೂರು ವರ್ಷಕ್ಕೆ ವಾಪಸ್ ಕೊಡುವುದು. ಇನ್ಶೂರೆನ್ಸು, ಸರ್ವೀಸು, ಬ್ಯಾಟರಿ, ಎಲ್ಲ ಅವರದೇ ತಲೆನೋವು. ಒಂದು ವಾರ ಮೊಬೈಲಿನಲ್ಲಿ ಹುಡುಕಿ, ಹತ್ತಾರು ಕಡೆ ಫೋನ್ ಮಾಡಿ, ಜಯನಗರದ ಒಂದು ಕಂಪನಿಯ ಆಫರ್ ತಂದ. ಪುಟ್ಟ ಬಿಳಿ ಕಾರು. ತಿಂಗಳ ಕಂತು ನಾವು ಹಳೇ ಡೀಸೆಲ್ ಕಾರಿಗೆ ಸುರಿಯುತ್ತಿದ್ದುದಕ್ಕಿಂತ ಸ್ವಲ್ಪವೇ ಹೆಚ್ಚು. ಅಡ್ವಾನ್ಸೂ ಇಲ್ಲ. ಆದರೆ ಆಫರ್ ಶನಿವಾರದವರೆಗೆ ಮಾತ್ರ.

ಇವರಿಗೆ ಹೇಳಿದೆ. ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

“ನಾವು ಬಾಡಿಗೆ ಕೊಡೋರು ಕಣೇ, ಬಾಡಿಗೆಗೆ ಇರೋರಲ್ಲ. ನಿಂಗೆ ಬೇಕಾದ್ರೆ ತಂದ್ಕೋ. ನಾನಂತೂ ಅದರಲ್ಲಿ ಕೂರಲ್ಲ.”

ಕೂರದಿದ್ದರೆ ಬಿಡಿ, ಸುಮ್ಮನಿರಬೇಕೋ ಬೇಡವೋ? ಅದೂ ಇಲ್ಲ. ಸಂಜೆ ಚನ್ನವೀರ ಬಂದಾಗ ಅವನನ್ನು ಕೂರಿಸಿಕೊಂಡು ವಿಚಾರಣೆ ಶುರು ಮಾಡಿದರು. ಅಗ್ರಿಮೆಂಟ್ ಎಂಬ ಮಾತು ಕಿವಿಗೆ ಬಿದ್ದರೆ ಇವರಿಗೆ ಎಲ್ಲಿಲ್ಲದ ಹುರುಪು. ಎಷ್ಟು ತಿಂಗಳ ಅಡ್ವಾನ್ಸ್ ಎಂದು ಕೇಳಿದರು. ಅಡ್ವಾನ್ಸೇ ಇಲ್ಲ ಅಂಕಲ್ ಎಂದ ಹುಡುಗ. ಇವರು ಕನ್ನಡಕ ತೆಗೆದರು. ಅಡ್ವಾನ್ಸ್ ಇಲ್ಲದೆ ಹೊಸ ಗಾಡಿಯನ್ನು ಗುರುತು ಪರಿಚಯ ಇಲ್ಲದವರ ಕೈಗೆ ಕೊಡುತ್ತಾರೆಂದರೆ ಅದರಲ್ಲಿ ಏನೋ ಮೋಸ ಇದ್ದೇ ಇದೆ ಎಂದರು. ಅಡ್ವಾನ್ಸ್ ಕೇಳದವನು ಓನರೇ ಅಲ್ಲ, ಅವನು ರಾತ್ರೋರಾತ್ರಿ ಗಂಟುಮೂಟೆ ಕಟ್ಟುವವನು. ಚನ್ನವೀರ ಏನೇನೋ ವಿವರಿಸಿ ಹೇಳಿದ. ಇವರು ತಲೆಯಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಅವನ ಪಟ್ಟಿಯಲ್ಲಿದ್ದ ಜೆಪಿ ನಗರದ ಇನ್ನೊಂದು ಕಂಪನಿಯನ್ನು ಇವರೇ ಆರಿಸಿದರು. ಅದೇ ಕಾರು, ತಿಂಗಳ ಕಂತು ಜಾಸ್ತಿ, ಹತ್ತು ತಿಂಗಳ ಅಡ್ವಾನ್ಸ್. “ಇವನು ನೋಡು, ಮನುಷ್ಯ,” ಎಂದರು.

ಒಳ್ಳೇ ಡೀಲನ್ನು ಒದ್ದು ದುಬಾರಿ ಡೀಲನ್ನು ತಬ್ಬಿಕೊಳ್ಳುವ ಗಂಡಸನ್ನು ಕಟ್ಟಿಕೊಂಡು ನಾನು ಏನು ಮಾಡಲಿ? ಆವತ್ತು ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ತೆಪ್ಪಗೆ ತಿಂದರು.

ಶುಕ್ರವಾರ ಬೆಳಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು ಇವರೇ ಹೊರಟು ನಿಂತರು. ಅಗ್ರಿಮೆಂಟನ್ನು ಹೆಂಗಸರಿಗೆ ಬಿಟ್ಟರೆ ಕೆಟ್ಟಿತು ಅಂತೆ. ಆಸ್ಪತ್ರೆಗಲ್ಲದೆ ಬೇರೆ ಕೆಲಸಕ್ಕೆ ಇವರು ಆಟೋ ಹತ್ತಿದ್ದನ್ನು ಅವತ್ತೇ ನೋಡಿದ್ದು. ನಾನೂ ಪಕ್ಕದಲ್ಲಿ ಕೂತೆ.

ಜೆಪಿ ನಗರದ ಆಫೀಸಿನ ಹುಡುಗ ಕಾಫಿ ಕೊಟ್ಟು, ಸಾರ್ ಸಾರ್ ಎಂದು ಓಡಾಡಿದ. ಇವರು ಓನರ್ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿ ಒಂದೊಂದೇ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಉತ್ತರ ಸರಿಯಾಗಿ ಬಂತು. ಪೆನ್ನು ತೆಗೆದು, ಸಹಿ ಮಾಡುವ ಮೊದಲು ಕೊನೆಯದಾಗಿ ಕೇಳಿದರು:

“ಖಾಲಿ ಮಾಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ತಾನೆ?”

“ಪೂರ್ತಿ ಸಾರ್. ಪೇಂಟಿಂಗ್‌ಗೆ ಅಂತ ಒಂದು ತಿಂಗಳದು ಹಿಡ್ಕೋತೀವಿ, ಅಷ್ಟೆ.”

“ಒಂದು ಗೀರೂ ಬಿದ್ದಿರಲ್ಲ ಅಂತಿಟ್ಕೋ. ಆಗ?”

“ಬಿದ್ರೂ ಅಷ್ಟೆ, ಬೀಳ್ದಿದ್ರೂ ಅಷ್ಟೆ ಸಾರ್. ಅದು ಪದ್ಧತಿ.”

ನನಗೆ ಕಾಫಿ ನೆತ್ತಿಗೇರಿತು. ಕೆಮ್ಮಿದೆ, ಸೆರಗನ್ನು ಬಾಯಿಗಿಟ್ಟುಕೊಂಡೆ. ನಗು ಎಲ್ಲಿ ನಿಲ್ಲುತ್ತದೆ? ಇವರು ಅನ್ಯಾಯ ಎನ್ನಲು ಬಾಯಿ ತೆರೆದರು, ಆ ಮಾತು ಇವರ ಬಾಯಿಂದ ಹೇಗೆ ಬರಬೇಕು? ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. ಆಟೋದಲ್ಲಿ ನಾನು ಚುಚ್ಚಲಿಲ್ಲ, ಗಾಯ ಆಗಿದೆ ಎಂದು ಗೊತ್ತಿತ್ತು. ಮನೆ ಹತ್ತಿರ ಬಂದಾಗ ರಸ್ತೆ ನೋಡುತ್ತಾ, ಆ ಜಯನಗರದವನು ಇನ್ನೂ ಕೊಡುತ್ತಾನಾ, ಚನ್ನವೀರನನ್ನು ಕೇಳು ಎಂದರು.

ಶನಿವಾರ ಜಯನಗರಕ್ಕೆ ಹೋಗಿ ಸಹಿ ಹಾಕಿದೆವು. ಅವರು ಗಂಟುಮೂಟೆ ಕಟ್ಟುವವರ ಹಾಗೆ ಕಾಣಲಿಲ್ಲ. ಹೊರಗೆ ಬಂದ ಮೇಲೆ ಇವರು ಇನ್ನೊಮ್ಮೆ ನೆನಪಿಸಿದರು, ಸಹಿ ನಿನಗೋಸ್ಕರ ಹಾಕಿದ್ದು, ನಾನು ಕೂರುವುದಿಲ್ಲ ಎಂದು. ನನ್ನ ಖುಷಿ ಅರ್ಧಕ್ಕೇ ನಿಂತಿತು. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ನಾನೊಬ್ಬಳೇ ಎಲ್ಲಿಗೆ ಹೋಗಲಿ?

ಮುಂದಿನ ಭಾನುವಾರ ಬೆಳಗ್ಗೆ ಕಾರು ಬಂತು. ಇವರು ಅದನ್ನು ಮೂರು ಸುತ್ತು ಸುತ್ತಿ, ಹಿಂದಿನ ಬಂಪರಿನಲ್ಲಿ ಕೂದಲೆಳೆಯಷ್ಟು ಗೀರು ಹುಡುಕಿ, ಮೊಬೈಲಿನಲ್ಲಿ ಫೋಟೋ ಹೊಡೆದರು. ಬಾಡಿಗೆಗೆ ಬಂದ ದಿನ ಚನ್ನವೀರ ಗೋಡೆಗಳ ಫೋಟೋ ತೆಗೆದಾಗ, ಏನಪ್ಪಾ, ನಮ್ಮ ಮೇಲೆ ನಂಬಿಕೆ ಇಲ್ವಾ ಎಂದು ಸಿಡುಕಿದ್ದವರು ಇವರೇ. ನಾನು ಆರತಿ ಎತ್ತಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ.

ಅಷ್ಟು ಹೊತ್ತಿಗೆ ಚಾರ್ಜರ್ ಕೂರಿಸುವ ಎಲೆಕ್ಟ್ರಿಷಿಯನ್ ಬಂದ. ನಮ್ಮ ಸ್ವಂತ ಗೋಡೆ, ಆದರೂ ಅವನು ಡ್ರಿಲ್ ಇಟ್ಟಾಗ ಇವರ ಮುಖ ಕಿವುಚಿಕೊಂಡಿತು. ಸದ್ದಿಗೆ ರಾಜಶ್ರೀ ಮೆಟ್ಟಿಲಿಳಿದು ಬಂದಳು. ಗೋಡೆಯಲ್ಲಿ ನಾಲ್ಕು ತೂತು. ಅವಳು ತೂತು ನೋಡಿದಳು, ಕಾರು ನೋಡಿದಳು, ಇವರನ್ನು ನೋಡಿದಳು. ಕಾರು ಭಾಳ ಚಂದ ಐತ್ರಿ ಆಂಟಿ ಎಂದು ನನಗೆ ಹೇಳಿ ಮೇಲೆ ಹೋದಳು.

ಅವಳ ಮದುವೆ ಫೋಟೋ ದೊಡ್ಡದು, ಚೌಕಟ್ಟು ಹಾಕಿಸಿದ್ದು. ಮೊಳೆ ಹೊಡೆಯುವಂತಿಲ್ಲವಲ್ಲ, ಮೂರು ವರ್ಷದಿಂದ ಹಾಲ್‌ನಲ್ಲಿ ನೆಲದ ಮೇಲೆ ಗೋಡೆಗೆ ಒರಗಿ ನಿಂತಿದೆ. ನೆಲ ಒರೆಸುವಾಗಲೆಲ್ಲ ಅದನ್ನು ಮಂಚಕ್ಕೆತ್ತಿ, ಮತ್ತೆ ಇಳಿಸಿ ಇಡುತ್ತಾಳೆ. ನನಗೂ ಗೊತ್ತು, ಇವರಿಗೂ ಗೊತ್ತು. ಎಲೆಕ್ಟ್ರಿಷಿಯನ್ ಸಾಮಾನು ಕಟ್ಟುತ್ತಿದ್ದ. ಇವರು ಕೆಮ್ಮಿದರು. ಮೇಲೆ ಒಂದು ಸಣ್ಣ ಕೆಲಸ ಇದೆ, ಬಾ ಎಂದು ಅವನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ನಾನೂ ಹಿಂದೆಯೇ ಓಡಿದೆ. ಇಂಥದ್ದನ್ನು ನೋಡದೆ ಬಿಡುವುದುಂಟೇ?

“ಆ ಫೋಟೋ ಎಲ್ಲಿ ಹಾಕ್ಬೇಕಮ್ಮಾ?” ಎಂದರು.

ರಾಜಶ್ರೀ ಬೆರಳು ತೋರಿಸಿದಳು. ಯೋಚಿಸಲೇ ಇಲ್ಲ, ಮೂರು ವರ್ಷದಿಂದ ಆ ಜಾಗ ಮನಸ್ಸಿನಲ್ಲೇ ಇತ್ತು. ಫೋಟೋ ಮೇಲೇರಿತು. ಚನ್ನವೀರ ಹಿಂದೆ ಸರಿದು ಸೊಟ್ಟ ಇದೆಯಾ ಎಂದು ನೋಡಿದ. ರಾಜಶ್ರೀ ಸೆರಗಿನಿಂದ ಗಾಜು ಒರೆಸಿ ಇವರ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು.

“ಈಗ ಇದು ನಮ್ಮನಿ ಆತ್ ನೋಡ್ರಿ ಅಂಕಲ್.”

ಓನರ್ ಎದುರಿಗೆ ನಿಂತು ಬಾಡಿಗೆಯವಳು ನಮ್ಮನೆ ಎಂದಳು. ಬೇರೆ ದಿನವಾಗಿದ್ದರೆ ಇವರು ಏನನ್ನುತ್ತಿದ್ದರೋ. ಅವತ್ತು ಹೂಂ ಎಂದು ತಲೆಯಾಡಿಸಿ, ಮೆಲ್ಲಗೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ನಾನು ಕಾರಿನ ಕೀ ತೆಗೆದುಕೊಂಡು ಸ್ಟಿಯರಿಂಗಿನ ಹಿಂದೆ ಕೂತೆ. ಎಡಗಡೆಯ ಬಾಗಿಲು ತೆರೆದಿಟ್ಟೆ. ಕರೆಯಲಿಲ್ಲ. ಕರೆದರೆ ಈ ಮನುಷ್ಯ ಬರುವುದಿಲ್ಲ, ನಲವತ್ತು ವರ್ಷ ಬಾಳಿದವಳಿಗೆ ಅಷ್ಟೂ ತಿಳಿಯದಾ? ಇವರು ಕುರ್ಚಿಯ ಹತ್ತಿರ ನಿಂತರು. ಕುರ್ಚಿ ನೋಡಿದರು, ಕಾರು ನೋಡಿದರು. ಆಮೇಲೆ ಬಂದು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಕಾಲು ಕೊಡವಿ ಒಳಗೆ ಕೂತರು. ಬೆಲ್ಟು ಸಿಗಲಿಲ್ಲ, ನಾನೇ ಹಾಕಿದೆ.

ನಿಂಬೆಹಣ್ಣು ಪಚಕ್ಕೆಂದಿತು. ಗಾಡಿ ಸದ್ದೇ ಇಲ್ಲದೆ ಹೊರಟಿತು. ಡೈರಿ ಸರ್ಕಲ್ ಹತ್ತಿರ ಬಸ್ಸೊಂದು ಪಕ್ಕದಿಂದ ಬಂದಾಗ ನಾನು ಇವರಿಗಿಂತ ಮೊದಲೇ ನೋಡಿ ನಿಧಾನ ಮಾಡಿದೆ. ಅಲ್ಲಿಯವರೆಗೆ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದ ಇವರು ಅಲ್ಲಿಂದ ಮುಂದೆ ಅದನ್ನು ನಿಲ್ಲಿಸಿದರು. ಜಯನಗರದ ಮರಗಳ ಕೆಳಗೆ ಬಂದಾಗ ಗಾಜು ಇಳಿಸಿ ಹೊರಗೆ ನೋಡುತ್ತಾ ಕೂತರು. ನಾಲ್ಕನೇ ಬ್ಲಾಕಿನ ಹೋಟೆಲಿನ ಮುಂದೆ ಜಾಗ ಸಿಕ್ಕಿತು. ನಾನು ಒಂದೇ ಸಲಕ್ಕೆ ಪಾರ್ಕ್ ಮಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಜಂಬ ಬಂತು.

“ಇಳೀರಿ, ದೋಸೆ ತಿನ್ನೋಣ,” ಎಂದೆ.

ಇವರು ಕಾಲು ನೋಡಿಕೊಂಡರು. ಬರಿಗಾಲು. ಚಪ್ಪಲಿ ತಾವರೆಕೆರೆಯಲ್ಲಿ, ನಮ್ಮ ಗೇಟಿನೊಳಗೆ. ಇನ್ನೊಬ್ಬರ ಕಾರು, ಗಲೀಜಾಗಬಾರದು ಅಂತ ಬಿಟ್ಟೆ ಕಣೇ ಎಂದರು. ನಾನು ಸ್ಟಿಯರಿಂಗಿಗೆ ಹಣೆ ಇಟ್ಟು ನಕ್ಕೆ, ಇವರೂ ನಕ್ಕರು. ಇವರು ನಕ್ಕಿದ್ದನ್ನು ನೋಡಿ ವರ್ಷವಾಗಿತ್ತು. ದೋಸೆಯನ್ನು ನಾನೇ ಕಟ್ಟಿಸಿಕೊಂಡು ಬರುತ್ತೇನೆ, ಮನೆಗೆ ಹೋಗಿ ತಿನ್ನೋಣ ಎಂದೆ.

“ಮನೆಗ್ಯಾಕೆ ಅರ್ಜೆಂಟು?” ಎಂದು ಸೀಟಿಗೆ ಸರಿಯಾಗಿ ಒರಗಿಕೊಂಡರು. “ಚಪ್ಪಲಿ ಇಲ್ಲ, ಇಳಿಯಕ್ಕಂತೂ ಆಗಲ್ಲ. ಇನ್ನೊಂದು ರೌಂಡ್ ಹಾಕು. ನಮ್ ಕಾರು ತಾನೆ.”