ಮುಂದಿನ ಪುಟಕ್ಕೆ ಹೋದ ಅಕ್ಕನಾಗಮ್ಮ

೧

“ನನ್ನ ಹೇಂತಿನ್ನ ನನ್ನ ತಮ್ಮಗ ಕಟ್ಟಿಬಿಟ್ಟೆಲ್ಲೋ, ಒಂಬತ್ತನೇ ನಾಪಾಸ್ ಮಂಗ್ಯಾ!”

ಕಥೆ ಹೀಗೆ ಶುರುವಾಗಬೇಕೋ ಬೇಡವೋ ನನಗೂ ಗೊತ್ತಿಲ್ಲ. ಮೊದಲು ಬಟ್ಟೆ ಅಂಗಡಿಗಳ ಚಾಟಿ ಗಲ್ಲಿಯ ವರ್ಣನೆಯಿಂದ ಹಿಡಿದಿದ್ದೆ. ಸೀರೆ, ಚಾದರ, ಬಿಸಿಲು ಅಂತ ಒಂದೂವರೆ ಪುಟ. ಹರಿದು ಒಗೆದೆ. ಒಬ್ಬ ಮನುಷ್ಯ ಮಂದಿಯ ಮುಂದೆ ಬೈಸಿಕೊಳ್ಳುತ್ತ ನಿಂತಿರುವಾಗ ಬಿಸಿಲು ಹೇಗಿತ್ತು ಅಂತ ಯಾರಿಗೆ ಬೇಕಾಗಿದೆ?

ಬೈದವರು ಸಾತಲಿಂಗಪ್ಪ, ಸೊಲ್ಲಾಪುರದ ಬಟ್ಟೆ ವ್ಯಾಪಾರಿ. ಬೈಸಿಕೊಂಡವನು ಗುರುಸಿದ್ಧ. ವಳಸಂಗದಿಂದ ದಿನಾ ಬಸ್ಸಿಗೆ ಬಂದು ಡಿ.ಟಿ.ಪಿ. ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುತ್ತಾನೆ; ಇವತ್ತು ಲ್ಯಾಪ್‌ಟಾಪ್ ಹೊತ್ತು ಸಾತಲಿಂಗಪ್ಪನವರ ಅಂಗಡಿಗೇ ಬಂದಿದ್ದ. ಕೇಳಿಸಿಕೊಂಡವರು, ತಮ್ಮ ಮನೆತನದ ಪುಸ್ತಕದ ಪ್ರೂಫ್ ನೋಡಲು ಅಕ್ಕಲಕೋಟೆಯಿಂದ ಬಂದು ಆ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಹನ್ನೊಂದು ಜನ ನೆಂಟರು. ಹನ್ನೊಂದೂ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಾತಲಿಂಗಪ್ಪನವರ ತಮ್ಮ ಭೀಮಶಾ.

“ಅಣ್ಣಾ, ನಾ ಏನ್ ಮಾಡ್ಲಿ? ವೈನಿ ತಾವಾಗೇ ನನ್ನ ಪಾನಕ್ಕ ಬಂದಾರ!”

ಮತ್ತೆ ನಗೆ. ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದ ಆ ವೈನಿ, ಅಂದರೆ ಅವನ ಅತ್ತಿಗೆ ಅಕ್ಕನಾಗಮ್ಮ, ಮಾತ್ರ ನಗಲಿಲ್ಲ.

೨

ವಿಷಯ ಇಷ್ಟೇ. (ಇಷ್ಟೇ ಅಂದವರ ಕಥೆಗಳೆಲ್ಲ ಉದ್ದ ಇರುತ್ತವೆ, ಗೊತ್ತು.) ಅಚ್ಚಾಗಬೇಕಿದ್ದದ್ದು ಆ ಮನೆತನದ ವಂಶಾವಳಿ ಪುಸ್ತಕ. ಒಬ್ಬೊಬ್ಬ ಗಂಡಸಿಗೆ ಒಂದೊಂದು ಪುಟ, ಇವರ ಮಾತಲ್ಲಿ ‘ಪಾನ’. ಪುಟದ ಕೊನೆಯ ಸಾಲಿಗೆ ಒಂದು ಪುಟ್ಟ ಅಂಕಿ, ತಳದಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಸಣ್ಣಕ್ಷರದಲ್ಲಿ ಹೆಂಡತಿ: “ಧರ್ಮಪತ್ನಿ ಸೌ. ಅಕ್ಕನಾಗಮ್ಮ, ತವರು ದುಧನಿ.” ಮುಗಿಯಿತು ಅವಳ ಚರಿತ್ರೆ.

(ಹೆಂಗಸರನ್ನು ಅಡಿಟಿಪ್ಪಣಿಗೆ ತಳ್ಳಿ ನಾನು ವ್ಯಂಗ್ಯ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಸಾತಲಿಂಗಪ್ಪನವರೇ ಹಾಗೆ ಬರೆದು ತಂದಿದ್ದರು. ನನಗೆ ಕೆಲಸವನ್ನೇ ಉಳಿಸಲಿಲ್ಲ.)

ಉಳಿದ ಹೆಂಡಂದಿರೆಲ್ಲ ಅವರವರ ಗಂಡಂದಿರ ಕೆಳಗೆ ತೆಪ್ಪಗೆ ಇದ್ದರು. ಅಕ್ಕನಾಗಮ್ಮ ಮಾತ್ರ ಮುಂದಿನ ಪುಟಕ್ಕೆ ಜಾರಿ, ಭೀಮಶಾನ ಹೆಸರಿನ ಕೆಳಗೆ, ಅವನ ಸ್ವಂತ ಹೆಂಡತಿಗಿಂತ ಒಂದು ಸಾಲು ಮೇಲೆ ಕೂತುಬಿಟ್ಟಿದ್ದರು.

೩

ತಪ್ಪು ಯಾರದು? ಸಾತಲಿಂಗಪ್ಪ ಒಂದು ತಿಂಗಳು ದಿನಾ ಫೋನ್ ಮಾಡಿದ್ದರು. “ವ್ಯಾಪಾರಿ ಸಂಘದವ್ರು ನನಗ ಮಾಡಿದ ಸತ್ಕಾರ ಹಾಕ್ದೇನು? ಮೈಂದರ್ಗಿ ಕನ್ನಡ ಸಾಲಿಗಿ ಫ್ಯಾನ್ ಕೊಟ್ಟದ್ದು ಹಾಕು.” ಪುಟ ಕಂಠಮಟ್ಟ ತುಂಬಿತು. ಆಮೇಲೆ ಇನ್ನೊಂದು ತಾಕೀತು: ತಮ್ಮ ಪುಟದ ಒಂದೇ ಒಂದು ಸಾಲೂ ಭೀಮಶಾನ ಪುಟಕ್ಕೆ ಹೋಗಕೂಡದು. ಸರಿ, ಗುರುಸಿದ್ಧ ಸಾಲುಗಳಿಗೆಲ್ಲ ಬೀಗ ಹಾಕಿದ. ಮೇಲಿನ ಸಾಲು ಅಲುಗಾಡುವಂತಿಲ್ಲ, ತಳದಲ್ಲಿ ಜಾಗವಿಲ್ಲ. ಕಂಪ್ಯೂಟರ್ ಪಾಪ ಏನು ಮಾಡೀತು? ಹೆಂಡತಿಯನ್ನು ಹೊರಗೆ ಹಾಕಿತು.

“ಕಾಕಾ, ನಾಕ್ ಸಾಲು ತಗೀರಿ. ಕಾಕು ತಾವೇ ವಾಪಸ್ ಬರ್ತಾರ,” ಎಂದ ಗುರುಸಿದ್ಧ. ಸಾತಲಿಂಗಪ್ಪ ಅವನಿಗೆ ಕಾಕಾ, ಅಕ್ಕನಾಗಮ್ಮ ಕಾಕು.

“ನನ್ನ ಸತ್ಕಾರ ತಗಿ ಅಂತಿ?”

“ಅಕ್ಷರ ಸಣ್ಣ ಮಾಡ್ಲಿ?”

“ತಮ್ಮನ ಮುಂದ ನಾ ಸಣ್ಣ ಕಾಣ್ಬೇಕೇನು? ಅದೆಲ್ಲ ನನಗ ಹೇಳಬ್ಯಾಡ. ನಾಕಕ್ಕ ಪ್ರೆಸ್ಸಿಗಿ ಹೋಗ್ಬೇಕು. ಇಲ್ಲಂದ್ರ ಕಡೀ ಪಾನದಾಗಿಂದ ನಿನ್ನ ಹೆಸರ ಕಿತ್ತಿ ಒಗೀತೀನಿ.”

ಕೊನೆಯ ಪುಟದಲ್ಲಿ ಒಂದು ಸಾಲಿತ್ತು: “ಅಕ್ಷರ ಜೋಡಣೆ: ಗುರುಸಿದ್ಧ, ವಳಸಂಗ.” ಆರು ವರ್ಷದಲ್ಲಿ ಊರಿನವರ ಲಗ್ನಪತ್ರಿಕೆ, ಅಫಿಡವಿಟ್, ಪ್ರೊಫೆಸರುಗಳ ಪ್ರಬಂಧ ಎಲ್ಲ ಟೈಪ್ ಮಾಡಿದ್ದಾನೆ. ಸಾಲೆ ಬಿಟ್ಟ ಮೇಲೆ ಅವನ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಇದೊಂದೇ.

೪

ಇಲ್ಲಿ ನಾನೊಂದು ಸುಲಭದ ದಾರಿ ಹಿಡಿದೆ. “ಗುರುಸಿದ್ಧ ಹಿಂದಿನ ಕೋಣೆಗೆ ಹೋಗಿ, ಲ್ಯಾಪ್‌ಟಾಪ್ ತೆರೆದು, ಒಂದು ಗುಂಡಿ ಒತ್ತಿದ, ಎಲ್ಲ ಸರಿಹೋಯಿತು” ಎಂದು ಬರೆದೆ.

ಅವನು ತಲೆ ಎತ್ತಿ ನನ್ನನ್ನೇ ನೋಡಿದ. “ಯಾವ ಗುಂಡಿ?”

“ಇರುತ್ತಲ್ಲಪ್ಪ, ಯಾವುದೋ ಒಂದು.”

“ತೋರಸ್ರಿ ಮತ್ತ. ಸ್ಪೇಸಿಂಗ್ ನೋಡೀನಿ, ಮಾರ್ಜಿನ್ ನೋಡೀನಿ, ಫುಟ್‌ನೋಟ್ ಅಳಿಸಿ ನಾಕ್ ಸಲ ಹೊಸಾದು ಹಾಕೀನಿ. ಗುಂಡಿ ಅಂತ ಗುಂಡಿ! ಕತಿ ಬರ್ಯೋ ಮಂದಿಗಿ ಎಲ್ಲಾ ಒಂದ ಗುಂಡ್ಯಾಗ ಮುಗೀತದ ನೋಡ್ರಿ.”

ಅಳಿಸಿದೆ. ಇಂಥವನನ್ನು ಕಥಾನಾಯಕ ಮಾಡಿಕೊಂಡದ್ದು ನನ್ನ ಕರ್ಮ.

೫

ಅಷ್ಟರಲ್ಲಿ ಅಕ್ಕನಾಗಮ್ಮ ಹಿಂದಿನ ಕೋಣೆಗೆ ಅವನ ಪಾಲಿನ ಚಹಾ ತಂದರು. ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಪರದೆಯ ಹತ್ತಿರ ಬಾಗಿದರು.

“ಇದ್ರಾಗ ನಾ ಎಲ್ಲಿದೀನೋ ತಮ್ಮಾ?”

ತೋರಿಸಿದ.

“ಮೊದಲ ಎಲ್ಲಿದ್ದೆ?”

“ಕಾಕಾರ ಪಾನದಾಗ. ಕೆಳಗ.”

“ಅಂದ್ರ ಎಲ್ಲಿದ್ರೂ ಕೆಳಗೇ.” ತುಟಿ ಅಲುಗಿಸುತ್ತ ಗಂಡನ ಪುಟ ಓದಿದರು. ಒಂದು ಕಡೆ ಬೆರಳು ನಿಂತಿತು. “‘ಏಕಾಂಗಿಯಾಗಿ, ಸ್ವಂತ ಬಲದಿಂದ, ಯಾರ ನೆರವೂ ಇಲ್ಲದೆ ಈ ಅಂಗಡಿಯನ್ನು ಕಟ್ಟಿದರು.’ ಹೌದಾ? ಇವ್ರು ಮಾಲ್ ತರಾಕ ಸೂರತ್ತಿಗಿ ಹೋದ್ರ, ಒಂಬತ್ತ್ ವರ್ಷ ಗಾದಿ ಮ್ಯಾಲ ಕುಂತು ಸೀರಿ ಬಿಚ್ಚಿ ತೋರ್ಸಿದಾಕಿ ಯಾರು? ಬಗಲಾಗ ಕೂಸು ಬ್ಯಾರೆ.”

ಗುರುಸಿದ್ಧ ಕರ್ಸರನ್ನು ಆ ಸಾಲಿಗೆ ತಂದು ನಿಲ್ಲಿಸಿದ.

“ನನ್ನ ಮ್ಯಾಲ ಹಾಕು. ಸಾಲಿನ್ಯಾಗ. ಮತ್ತ ನಾ ಹೇಳೀನಂತ ಹೇಳಬ್ಯಾಡಪ್ಪ.”

ಅವನು ಆ ಮೂರು ಮಾತು ತೆಗೆದ: ಏಕಾಂಗಿಯಾಗಿ, ಸ್ವಂತ ಬಲದಿಂದ, ಯಾರ ನೆರವೂ ಇಲ್ಲದೆ. ಅದೇ ಜಾಗದಲ್ಲಿ ಕೂರಿಸಿದ: “ದುಧನಿಯ ಮಗಳಾದ ಪತ್ನಿ ಅಕ್ಕನಾಗಮ್ಮನವರೊಡನೆ”. ಅಂಕಿ ಹೋಯಿತು, ಗೆರೆ ಹೋಯಿತು, ಭೀಮಶಾನ ಪುಟ ಹಗುರಾಯಿತು. ಸಾತಲಿಂಗಪ್ಪನವರ ಪುಟದಲ್ಲಿ ಒಂದು ಸಾಲೂ ಹೆಚ್ಚಲಿಲ್ಲ.

೬

ಪ್ರಿಂಟ್ ತೆಗೆದು ಕೊಟ್ಟ. ಸಾತಲಿಂಗಪ್ಪ ಗಾದಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದತೊಡಗಿದರು. ಆ ಸಾಲಿಗೆ ಬಂದಾಗ ದನಿ ನಿಂತಿತು.

ಭೀಮಶಾ ಕಾಗದಕ್ಕೆ ಇಣುಕಿದ. “ಅರೆ ವಾ! ವೈನಿ ಅಂಗಡ್ಯಾಗ ಪಾರ್ಟನರ್ ಆದ್ರಲ್ಲ!”

ಸಾತಲಿಂಗಪ್ಪ ಗುರುಸಿದ್ಧನ ಕಡೆ ತಿರುಗಿದರು. “ಯಾರ್ ಹೇಳಿದ್ರೋ ನಿನಗ, ಇದನ್ನ ಬರೀಲಾಕ?”

ಅಕ್ಕನಾಗಮ್ಮ ಖಾಲಿ ಕಪ್ಪುಗಳನ್ನು ಎತ್ತುತ್ತಿದ್ದರು. ಕೈ ಹಾಗೇ ನಿಂತಿತು.

ಇಲ್ಲಿಂದ ಮುಂದೆ ನನ್ನ ಬಳಿ ಮೂರು ಮುಕ್ತಾಯಗಳಿದ್ದವು.

(ಅ) ಗುರುಸಿದ್ಧ ಸಿಡಿದೆದ್ದು ಹೆಂಗಸರ ದುಡಿಮೆಯ ಮೇಲೆ ಭಾಷಣ ಮಾಡುತ್ತಾನೆ. ಬರೆದು ತೋರಿಸಿದೆ. “ಇಷ್ಟುದ್ದ ನಾ ಯಾವಾಗ ಮಾತಾಡೀನ್ರಿ?” ಎಂದ.

(ಆ) ಅಕ್ಕನಾಗಮ್ಮ ಮುಂದೆ ಬಂದು “ನಾನೇ ಹೇಳೀನಿ” ಅನ್ನುತ್ತಾರೆ. ಅವರು ನನ್ನನ್ನು ಗದರಿಸಿದರು. “ನೀ ಬರ್ದು ಕೈ ತೊಳ್ಕೊಂಡು ಹೋಗ್ತಿ. ಈ ಮಂದಿ ಹೋದ ಮ್ಯಾಲ ಮನ್ಯಾಗ ಇರಾಕಿ ನಾನು.”

(ಇ) ಸಾತಲಿಂಗಪ್ಪನವರ ಕಣ್ಣಲ್ಲಿ ನೀರು. ಇದನ್ನು ಯಾರೂ ಹೇಳುವ ಮೊದಲೇ ನಾನೇ ಅಳಿಸಿದೆ. ಥೂ.

೭

“ಹೇಳ್ತಿಯೋ, ನಿನ್ನ ಹೆಸರ ತಗೀಲೋ?”

ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಕಾಕು ಹೇಳಿದ್ರು ಅಂದಿದ್ದರೆ ಬೈಗುಳ ಅತ್ತ ತಿರುಗುತ್ತಿತ್ತು, ಅವನ ಹೆಸರು ಉಳಿಯುತ್ತಿತ್ತು. ಗುರುಸಿದ್ಧ ಗಾದಿಯ ಅಂಚಿಗೆ ಲ್ಯಾಪ್‌ಟಾಪ್ ಇಟ್ಟು ಕೊನೆಯ ಪುಟ ತೆರೆದ. ತನ್ನ ಹೆಸರಿನ ಸಾಲನ್ನು ತಾನೇ ಅಳಿಸಿದ. ಸೇವ್ ಮಾಡಿ, ಪೆನ್‌ಡ್ರೈವ್ ಕಿತ್ತು ಸಾತಲಿಂಗಪ್ಪನವರ ಮುಂದಿಟ್ಟ. ಚಾರ್ಜರ್ ಸುತ್ತಿಕೊಂಡು ಚಪ್ಪಲಿ ಮೆಟ್ಟಿದ.

“ಏ, ನಿನಗೇ ಕೇಳಾಕತ್ತೀನಿ!”

ಅವನು ಮೆಟ್ಟಿಲಿಳಿದ. ನಾನು ಗಲ್ಲಿಯುದ್ದಕ್ಕೂ ಅವನ ಹಿಂದೆ ಓಡಿದೆ. ತಮ್ಮಾ, ಅವರಿಗೆ ಹೇಳಬೇಡ, ನನಗಾದರೂ ಹೇಳು. ಸಾತಲಿಂಗಪ್ಪ ಆ ಸಾಲು ಇಟ್ಟುಕೊಳ್ಳುತ್ತಾರೋ, ಅಥವಾ ನಾಲ್ಕಕ್ಕೆ ಇನ್ನೊಬ್ಬನನ್ನು ಕರೆಸಿ ಅಕ್ಕನಾಗಮ್ಮನನ್ನು ಮತ್ತೆ ಗೆರೆಯ ಕೆಳಗೆ ಇಳಿಸುತ್ತಾರೋ? ಓದುವವರು ನನ್ನನ್ನು ಕೇಳುತ್ತಾರಪ್ಪ, ನಾನೇನು ಹೇಳಲಿ?

ಗುರುಸಿದ್ಧ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ತಿರುಗಿ ನೋಡದೆ, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.