ಮದ್ದಿನ ನೀರು

ರೇಷನ್ ಅಂಗಡಿಯ ಯಂತ್ರ ಮುನಿಗಂಗಮ್ಮನ ಹೆಬ್ಬೆಟ್ಟನ್ನು ಮೂರು ಸಲವೂ ಒಪ್ಪಲಿಲ್ಲ. ಅಂದು ಸಂಜೆ ಮಗಳು ಭಾನು ಅವಳ ಕೈ ಹಿಡಿದು ನೋಡಿದಳು. ಬೆರಳ ತುದಿಗಳು ಗೆರೆಯಿಲ್ಲದೆ ನುಣ್ಣಗಾಗಿದ್ದವು; ಉಗುರಿನ ಬುಡದಲ್ಲಿ ಚರ್ಮ ಬಿರಿದಿತ್ತು. ಮುನಿಗಂಗಮ್ಮ ಡೆಂಕಣಿಕೋಟೆ ರಸ್ತೆಯ ಗುಲಾಬಿ ತೋಟವೊಂದರಲ್ಲಿ ಕೊಯ್ದ ಹೂವಿನ ಕಟ್ಟುಗಳನ್ನು, ಕೊಳೆಯದಿರಲೆಂದು, ಎರಡು ವರ್ಷದಿಂದ ಮದ್ದಿನ ನೀರಿಗೆ ಅದ್ದುತ್ತಿದ್ದಳು.

"ಏನು ಮದ್ದಮ್ಮ ಅದು?"

"ನಂಗೇನ್ ಗೊತ್ತಮ್ಮಿ? ಮೇಸ್ತ್ರಿ ಬೋರಯ್ಯ ಕಲ್ಸಿ ಮಡಗ್ತಾನೆ, ನಾವು ಅದ್ತೀವಿ."

ಭಾನು ಹೊಸೂರಿನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಆಪರೇಷನ್ನಿನಲ್ಲಿ ತೆಗೆದ ಚರ್ಮವನ್ನು ರೋಗಿಗಳ ಒಪ್ಪಿಗೆಯಿಂದ ತಂದು, ಅದರ ಜೀವಕೋಶಗಳಿಂದ ಅಂಗಿ ಗುಂಡಿಯಷ್ಟಗಲದ ಹೊಸ ಚರ್ಮ ಬೆಳೆಸುತ್ತಿದ್ದರು. ಕ್ರೀಮು, ಸೋಪು, ಔಷಧಿಗಳನ್ನು ಮೊದಲು ಅದರ ಮೇಲೆ ಹಾಕಿ ನೋಡುವುದು ಅಲ್ಲಿನ ಕೆಲಸ. ಅಮ್ಮ ಸೀಸೆಯಲ್ಲಿ ತಂದುಕೊಟ್ಟ ನೀರನ್ನು ಅವಳು ಮೇಲಧಿಕಾರಿ ದ್ವಾರಕಾನಾಥರ ಮುಂದಿಟ್ಟಳು.

"ಇದು ಕಂಪನಿಯಿಂದ ಬಂದ ಸ್ಯಾಂಪಲ್ ಅಲ್ವಲ್ಲಮ್ಮ," ಎಂದರು ಅವರು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಉಳಿದಿರೋ ಚರ್ಮದಲ್ಲಿ ನೋಡು. ರಿಪೋರ್ಟ್ ಮಾತ್ರ ಕೇಳ್ಬೇಡ," ಎಂದರು.

ಮದ್ದು ಹಾಕಿ ಒಂದು ಗಂಟೆಗೆ ತೊಳೆದಿಟ್ಟ ತುಣುಕುಗಳಿಗೆ ಭಾನು ಮೂರನೆಯ ದಿನ ಬಣ್ಣ ಹಾಕಿದಳು. ಬದುಕಿರುವ ಚರ್ಮ ನೇರಳೆಯಾಗಬೇಕು. ಬರಿಯ ನೀರು ಹಾಕಿದವು ನೇರಳೆಯಾದವು. ಅಮ್ಮನ ನೀರು ಬಿದ್ದ ಮೂರೂ ಬಿಳಿಚಿಕೊಂಡೇ ಉಳಿದವು.

ಅವಳು ಫೋಟೊ ತೆಗೆದುಕೊಂಡು ತೋಟಕ್ಕೆ ಹೋಗಿ ಮೇಸ್ತ್ರಿ ಬೋರಯ್ಯನಿಗೆ ತೋರಿಸಿದಳು. ಅವನು ಲ್ಯಾಬಿನ ಸೀಲಿರುವ ಕಾಗದ ಕೇಳಿದ. ಇಲ್ಲವೆಂದಾಗ, "ಓನರ್‌ಗೆ ಹೇಳ್ತೀನಿ ಬುಡವ್ವ," ಎಂದ.

ಸೋಮವಾರ ಕೆಲಸದವರ ವ್ಯಾನು ಮುನಿಗಂಗಮ್ಮನ ಮುಂದೆ ನಿಲ್ಲಲಿಲ್ಲ. ಒಳಗಿದ್ದ ಹೆಂಗಸರು ಮುಖ ತಿರುಗಿಸಿಕೊಂಡರು.

"ಆ ನೀರು ಕೆಟ್ಟದ್ದು ಅಂತ ತೋರ್ಸಿದ್ದೇ ತಪ್ಪಾಯ್ತಾ?" ಎಂದು ಭಾನು ಅತ್ತಳು.

"ಕೆಟ್ಟದ್ದು ಅಂತ ನಮ್ಗೆ ಗೊತ್ತಿರ್ಲಿಲ್ವಾ? ಮೊದ್ಲ ದಿನವೇ ಉರೀತು ಕಣಮ್ಮಿ. ಎಲ್ಲಾರ್ಗೂ ಉರೀತದೆ. ಯಾರೂ ಬಾಯ್ಬುಡಲ್ಲ."

ಮನೆಯಲ್ಲಿರು ಎಂದರೆ ತಾಯಿ ಕೇಳಲಿಲ್ಲ. ಹದಿನೈದು ದಿನದಲ್ಲಿ ಸಾನಮಾವು ಊರಿನ ಹತ್ತಿರ ಇನ್ನೊಂದು ಗುಲಾಬಿ ತೋಟದಲ್ಲಿ ಅದೇ ಕೆಲಸ ಹಿಡಿದಳು. ಭಾನು ದಪ್ಪ ರಬ್ಬರಿನ ಗ್ಲೌಸು ಕೊಂಡುಕೊಟ್ಟಳು. ಮೊದಲ ದಿನವೇ ಅವು ಒದ್ದೆಯೂ ಆಗದೆ ಊಟದ ಚೀಲದಲ್ಲಿ ವಾಪಸು ಬಂದವು. ಹಾಕಿಕೊಂಡರೆ ಕಟ್ಟು ಜಾರುತ್ತದೆ, ಕೆಲಸ ಸಾಗುವುದಿಲ್ಲ ಎಂದು ಅಲ್ಲಿನ ಮೇಸ್ತ್ರಿ ಬೈದನಂತೆ.

ಮುನಿಗಂಗಮ್ಮ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಭಾನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಒಂದು ಕೈಯನ್ನು ಮೆಲ್ಲಗೆ ಹೊರಗೆಳೆದುಕೊಂಡಳು. ಬೆರಳ ಸಂದಿಯಲ್ಲಿ ರಕ್ತ ಒಸರಿತ್ತು. ಎಣ್ಣೆ ತಾಗಿದಾಗ ತಾಯಿ ಹಲ್ಲು ಕಚ್ಚಿದಳು, ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.